ಅಂಡಮಾನಿನಲ್ಲಿ ನಮ್ಮ ಕೈಗೆಟುಕುವ ಬಾಡಿಗೆ ಮನೆ, ಅಮ್ಮನಿಗೆ ಮಾತು ಸಿಗುವ ನೆರೆಹೊರೆ: ಅಲ್ಲಿ ಇದ್ದು ಬಂದವರು ದಯವಿಟ್ಟು ತಿಳಿಸಿ

ಚಿಂತಾಮಣಿಯ ಮಗಳು

ಎಲ್ಲರಿಗೂ ನಮಸ್ಕಾರ.

ನಾನು ಚಿಂತಾಮಣಿಯವಳು, ವಯಸ್ಸು ಮೂವತ್ತಾರು. ಬೆಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರದ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದೇನೆ. ಕಚೇರಿಗೆ ಮುಖ ತೋರಿಸಬೇಕಾದದ್ದು ಮೂರು ತಿಂಗಳಿಗೊಮ್ಮೆ ಮಾತ್ರ. ತಂದೆಯವರು ತೀರಿಕೊಂಡು ಎರಡು ವರ್ಷವಾಯಿತು. ಅಂದಿನಿಂದ ಅಮ್ಮ ಮನೆಯ ಗೇಟು ದಾಟುವುದು ಔಷಧಿ ಅಂಗಡಿಗೆ ಮತ್ತು ಶನಿವಾರದ ದೇವಸ್ಥಾನಕ್ಕೆ ಮಾತ್ರ ಎನ್ನುವಂತಾಗಿದೆ. ಬಂದವರೆಲ್ಲರೂ ಅದೇ ಮಾತನ್ನು ಎತ್ತಿ ಅದೇ ಸಮಾಧಾನ ಹೇಳಿ ಹೋಗುತ್ತಾರೆ. ಅವರ ಮನಸ್ಸು ಒಳ್ಳೆಯದೇ, ಆದರೆ ಆ ಮಾತಿನಿಂದ ಅಮ್ಮ ಹೊರಗೆ ಬರುವುದಕ್ಕೆ ದಾರಿಯೇ ಇಲ್ಲದಂತಾಗಿದೆ.

ಕಳೆದ ಚಳಿಗಾಲದಲ್ಲಿ ಅಮ್ಮನನ್ನು ರಾಮೇಶ್ವರಕ್ಕೆ ಕರೆದುಕೊಂಡು ಹೋಗಿದ್ದೆ. ಅಗ್ನಿತೀರ್ಥದ ಮೆಟ್ಟಿಲ ಮೇಲೆ ಕುಳಿತವರು ಮೂರು ಗಂಟೆ ಏಳಲಿಲ್ಲ. ಕೆರೆ ತುಂಬಿದರೆ ಅದೇ ಹಬ್ಬವೆನ್ನುವ ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ಹೆಂಗಸು ಅವರು. ವಾಪಸು ಬರುವಾಗ ರೈಲಿನಲ್ಲಿ, ‘ಹೀಗೆ ನೀರಿನ ಪಕ್ಕದಲ್ಲಿ ಒಂದು ವರ್ಷ ಇದ್ದುಬಿಡಬೇಕು ಅನ್ನಿಸುತ್ತದೆ’ ಎಂದರು. ಆ ಮಾತನ್ನು ನಾನು ಗಂಭೀರವಾಗಿಯೇ ತೆಗೆದುಕೊಂಡಿದ್ದೇನೆ.

ಮಂಗಳೂರು, ಉಡುಪಿ ಏಕೆ ಬೇಡ ಎಂದು ನೀವು ಕೇಳಬಹುದು. ಎರಡೂ ಕಡೆ ನಮ್ಮ ಬಂಧುಗಳಿದ್ದಾರೆ, ಅಲ್ಲಿಗೆ ಹೋದರೆ ಅದೇ ಮಾತು ಮುಂದುವರಿಯುತ್ತದೆ. ಅಂಡಮಾನ್ ನಮ್ಮ ದೇಶದ್ದೇ ನೆಲ. ವೀಸಾದ ಗೊಡವೆ ಇಲ್ಲ, ರೂಪಾಯಿಯಲ್ಲೇ ವ್ಯವಹಾರ, ದೇವನಹಳ್ಳಿಯಿಂದ ನೇರ ವಿಮಾನವಿದೆ. ಹಾಗಾಗಿ ಅಲ್ಲಿ ಹನ್ನೊಂದು ತಿಂಗಳ ಮಟ್ಟಿಗೆ ಬಾಡಿಗೆ ಮನೆ ಹಿಡಿಯುವ ಯೋಚನೆ ಮಾಡುತ್ತಿದ್ದೇನೆ. ಬಾಡಿಗೆಗೆ ತಿಂಗಳಿಗೆ 12,000 ರೂಪಾಯಿಗಿಂತ ಹೆಚ್ಚು ಕೊಡಲಾರೆ. ಬಾಡಿಗೆಯೂ ಸೇರಿ ಒಟ್ಟು ಖರ್ಚು 35,000 ದಾಟಬಾರದು. ಅಮ್ಮನಿಗೆ ಅರವತ್ತಮೂರು ವರ್ಷ, ಮಂಡಿ ನೋವಿದೆ, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ.

ನನಗೆ ನಿಜವಾಗಿ ಕಾಡುವುದು ಬಾಡಿಗೆಗಿಂತ ಹೆಚ್ಚಾಗಿ ಜನರ ವಿಚಾರ. ಅಮ್ಮನಿಗೆ ಹಿಂದಿ ಬರುವುದಿಲ್ಲ. ನಾನು ಹಗಲೆಲ್ಲ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದರೆ ಅವರು ಯಾರ ಜೊತೆ ಮಾತಾಡಬೇಕು? ಇಲ್ಲಿ ಬೇಡವಾದ ಮಾತು ಹೆಚ್ಚಾಯಿತೆಂದು ಹೊರಟು, ಅಲ್ಲಿ ಮಾತೇ ಇಲ್ಲದ ಕಡೆ ಅವರನ್ನು ಕೂರಿಸಿದಂತೆ ಆಗಬಾರದು. ಹ್ಯಾವ್‌ಲಾಕ್ ದ್ವೀಪದ ಚಿತ್ರಗಳನ್ನು ನೋಡಿ ಮನಸ್ಸು ಅತ್ತ ಎಳೆಯುತ್ತದೆ. ಲಕ್ಷದ್ವೀಪ ಇನ್ನೂ ಹತ್ತಿರವೆಂದು ನನ್ನ ತಮ್ಮ ಹೇಳುತ್ತಾನೆ. ಅಲ್ಲಿ ಸಂಸಾರ ಮಾಡಿದವರು ಯಾರಾದರೂ ಇದ್ದರೆ ಯಾವ ಬಡಾವಣೆ, ಎಷ್ಟು ಬಾಡಿಗೆ, ಎಂಥ ನೆರೆ ಎಂಬುದನ್ನು ವಿವರವಾಗಿ ಬರೆಯಬೇಕಾಗಿ ಕೋರುತ್ತೇನೆ.

ಮುಳಬಾಗಿಲು ಮೇಷ್ಟ್ರು

ನಿಮ್ಮ ಪತ್ರವನ್ನು ಎರಡು ಸಲ ಓದಿದೆನಮ್ಮ. ನಾನು ಅಲ್ಲಿನ ಒಂದು ಶಾಲೆಯಲ್ಲಿ 2017ರಿಂದ 2021ರವರೆಗೆ ಗಣಿತ ಪಾಠ ಮಾಡಿ, ನಿವೃತ್ತನಾಗಿ ಊರಿಗೆ ಮರಳಿದವನು. ಸಂಸಾರ ಸಮೇತ ಇದ್ದೆ. ಗೊತ್ತಿರುವುದನ್ನು ಬರೆಯುತ್ತೇನೆ.

ಮೊದಲು ಊರಿನ ಹೆಸರಿನ ವಿಚಾರ. ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಎಂದು ಹೆಸರಾಯಿತು. ಹ್ಯಾವ್‌ಲಾಕ್ 2018ರಿಂದಲೇ ಸ್ವರಾಜ್ ದ್ವೀಪ, ನೀಲ್ ಎಂಬ ದ್ವೀಪ ಶಹೀದ್ ದ್ವೀಪ. ಮನೆ ಹುಡುಕುವಾಗ ಜಾಹೀರಾತಿನಲ್ಲಿ ಎರಡೂ ಹೆಸರುಗಳು ಕಾಣುತ್ತವೆ, ಗೊಂದಲವಾಗಬಾರದು.

ನೀವು ಇರಬೇಕಾದದ್ದು ಪೋರ್ಟ್ ಬ್ಲೇರ್‌ನಲ್ಲೇ. ತಾಯಿಯವರ ಆರೋಗ್ಯ ಮತ್ತು ನಿಮ್ಮ ಕೆಲಸ ಎರಡಕ್ಕೂ ಅದೇ ಸರಿ. ಅಬರ್ಡೀನ್ ಬಜಾರ್, ಗೋಲ್‌ಘರ್, ಫೀನಿಕ್ಸ್ ಬೇ ಸುತ್ತಮುತ್ತ ಎಲ್ಲವೂ ಕೈಗೆ ಹತ್ತಿರ, ಆದರೆ ಬಾಡಿಗೆ ಹೆಚ್ಚು ಮತ್ತು ಮನೆಗಳು ಒತ್ತೊತ್ತಾಗಿವೆ. ದಕ್ಷಿಣಕ್ಕೆ ಬಂದಂತೆ ಪ್ರೋಥ್ರಾಪುರ, ಗಾರಚರ್ಮಾ, ಬಾತು ಬಸ್ತಿ, ಡಾಲಿಗಂಜ್ ಕಡೆ ಸಂಸಾರಸ್ಥರ ಮನೆಗಳು ಸಿಗುತ್ತವೆ. ನಾವು ಗಾರಚರ್ಮಾದಲ್ಲಿ ಎರಡು ಕೋಣೆಯ ಮನೆಗೆ ಮೊದಲು 8,500, ಬಿಡುವ ಹೊತ್ತಿಗೆ 10,000 ರೂಪಾಯಿ ಕೊಡುತ್ತಿದ್ದೆವು. ಈಗ ಅದೇ ಮನೆಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿ 13,000 ಕೊಡುತ್ತಿದ್ದಾರೆ. ನಿಮ್ಮ 12,000ಕ್ಕೆ ಒಂದು ಕೋಣೆ, ಒಂದು ನಡುಮನೆ, ಅಡುಗೆಮನೆ ಇರುವ ಅಚ್ಚುಕಟ್ಟಾದ ಮನೆ ಸಿಗಬೇಕು. ಬೆಂಗಳೂರಿನಂತೆ ಹತ್ತು ತಿಂಗಳ ಅಡ್ವಾನ್ಸ್ ನನ್ನನ್ನು ಯಾರೂ ಕೇಳಲಿಲ್ಲ. ಎರಡು ತಿಂಗಳದ್ದು ಕೊಟ್ಟೆ. ಹನ್ನೊಂದು ತಿಂಗಳ ಕರಾರು ಪತ್ರ ಬರೆಸಿ, ಬಾಡಿಗೆದಾರರ ವಿವರವನ್ನು ಪೊಲೀಸ್ ಠಾಣೆಗೆ ಕೊಡುವ ಕೆಲಸವನ್ನು ಮಾಲೀಕರ ಜೊತೆ ಹೋಗಿ ಮೊದಲ ವಾರದಲ್ಲೇ ಮುಗಿಸಿಬಿಡಿ.

ಇನ್ನು ನೀರು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಏಕೆಂದರೆ ನಾವು ಕೋಲಾರದವರು ಅಲ್ಲಿಗೆ ಹೋದಾಗ ತಿಳಿಯದೆ ಮೋಸ ಹೋಗುವುದು ಇಲ್ಲಿಯೇ. ಅಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ, ನಮ್ಮ ಜಿಲ್ಲೆಗಳ ನಾಲ್ಕು ಪಾಲು. ಮೇ ತಿಂಗಳಿಂದ ಹಿಡಿದ ಮಳೆ ನವೆಂಬರ್, ಡಿಸೆಂಬರ್‌ವರೆಗೂ ಬಿಟ್ಟು ಬಿಟ್ಟು ಸುರಿಯುತ್ತದೆ. ಇಷ್ಟು ಮಳೆ ಬೀಳುವ ಊರಿನಲ್ಲಿ ನೀರಿಗೆ ಬರವೇ ಎಂದು ನಾನೂ ಅಂದುಕೊಂಡಿದ್ದೆ. ಆದರೆ ಗುಡ್ಡಗಳು ಕಡಿದಾಗಿವೆ, ಹಳ್ಳಗಳು ಗಿಡ್ಡ. ಬಿದ್ದ ನೀರು ಕೆಲವೇ ಗಂಟೆಗಳಲ್ಲಿ ಸಮುದ್ರ ಸೇರುತ್ತದೆ. ಊರಿಗೆಲ್ಲ ಮುಖ್ಯ ಆಸರೆ ಧನಿಖಾರಿ ಅಣೆಕಟ್ಟು. ಫೆಬ್ರವರಿ, ಮಾರ್ಚ್ ಬಂತೆಂದರೆ ಅದರ ಮಟ್ಟ ಇಳಿಯುತ್ತದೆ, ನಲ್ಲಿಗೆ ನೀರು ಬಿಡುವ ದಿನಗಳ ನಡುವಿನ ಅಂತರ ಹೆಚ್ಚುತ್ತದೆ. ನಮ್ಮ ಬೀದಿಗೆ ಒಂದು ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ, ಅದೂ ನಸುಕಿನಲ್ಲಿ ಅರ್ಧ ಗಂಟೆ ಬರುತ್ತಿತ್ತು. ನಲ್ಲಿ ಮೊದಲು ಬುಸ್ಸೆಂದು ಗಾಳಿ ಬಿಡುತ್ತಿತ್ತು. ಆ ಸದ್ದಿಗೇ ನನ್ನ ಹೆಂಡತಿ ಎದ್ದು, ಮೊದಲು ಕುಡಿಯುವ ನೀರಿನ ಬಿಂದಿಗೆ, ಆಮೇಲೆ ಅಡುಗೆಯ ಕೊಳಗ, ಕೊನೆಗೆ ಬಚ್ಚಲ ಡ್ರಮ್ಮು ಎಂದು ಸರತಿ ಹಿಡಿಯುತ್ತಿದ್ದಳು. ಮುಳಬಾಗಿಲಿನಲ್ಲಿ ಟ್ಯಾಂಕರ್‌ಗೆ ಕಾದ ಅಭ್ಯಾಸ ಅಲ್ಲಿ ಕೈಹಿಡಿಯಿತು.

ಆದ್ದರಿಂದ ಮನೆ ನೋಡಲು ಹೋದಾಗ ಕಿಟಕಿಯಿಂದ ಸಮುದ್ರ ಕಾಣುತ್ತದೆಯೇ ಎಂದು ನೋಡುವುದಕ್ಕೆ ಮೊದಲು ಸಂಪು ಎಷ್ಟು ದೊಡ್ಡದು, ಮೇಲಿನ ಸಿಂಟೆಕ್ಸ್ ಟ್ಯಾಂಕ್ ನಿಮ್ಮೊಬ್ಬರದೇ ಅಥವಾ ಮೂರು ಮನೆಗೆ ಸೇರಿದ್ದೇ, ಚಾವಣಿಯ ಮಳೆನೀರನ್ನು ಹಿಡಿಯುವ ಏರ್ಪಾಡು ಇದೆಯೇ ಎಂದು ನೋಡಿ. ಹಿಂದಿನ ಮಾರ್ಚ್‌ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬಂತೆಂದು ಮಾಲೀಕರನ್ನು ಕೇಳುವುದಕ್ಕಿಂತ ಪಕ್ಕದ ಮನೆಯವರನ್ನು ಕೇಳಿ.

ಕೊಲ್ಲಿಯ ಆಚೆಯ ಬಾಂಬೂಫ್ಲಾಟ್ ಎಂಬ ಊರು ಪೋರ್ಟ್ ಬ್ಲೇರ್‌ನ ಚಾಥಮ್ ಕಡೆಯಿಂದ ದೋಣಿಯಲ್ಲಿ ಕೆಲವೇ ನಿಮಿಷದ ದಾರಿ, ಬಾಡಿಗೆಯೂ ಅಗ್ಗ. ನಾನೊಬ್ಬನೇ ಇದ್ದಿದ್ದರೆ ಅಲ್ಲಿಯೇ ಇರುತ್ತಿದ್ದೆ. ಆದರೆ ರಾತ್ರಿ ಹೊತ್ತು ತಾಯಿಯವರನ್ನು ಆಸ್ಪತ್ರೆಗೆ ಒಯ್ಯಬೇಕಾದರೆ ದೋಣಿ ಇರುವುದಿಲ್ಲ, ರಸ್ತೆಯಲ್ಲಿ ಕೊಲ್ಲಿಯನ್ನು ಸುತ್ತಿ ಬರಬೇಕು. ಹಾಗಾಗಿ ನಿಮಗೆ ಬೇಡ.

ಮನೆಗಳ ಸುದ್ದಿ ಅಲ್ಲಿನ ಆಡಳಿತವೇ ಹೊರಡಿಸುವ ‘ದಿ ಡೈಲಿ ಟೆಲಿಗ್ರಾಮ್ಸ್’ ಪತ್ರಿಕೆಯ ಸಣ್ಣ ಜಾಹೀರಾತುಗಳಲ್ಲಿ ಸಿಗುತ್ತದೆ. ಅದಕ್ಕಿಂತ ಹೆಚ್ಚಾಗಿ ಕಿರಾಣಿ ಅಂಗಡಿಗಳಲ್ಲಿ ಬಾಯಿಮಾತಿನಿಂದ ಸಿಗುತ್ತದೆ. ನನಗೆ ಸಿಕ್ಕಿದ್ದು ಹೇರ್‌ಕಟಿಂಗ್ ಅಂಗಡಿಯಲ್ಲಿ.

ತಿಪಟೂರಿನ ಗೃಹಿಣಿ

ಮೇಷ್ಟ್ರು ಮನೆಯ ವಿಚಾರ ಚೆನ್ನಾಗಿ ಹೇಳಿದ್ದಾರೆ. ನಾನು ನಿಮ್ಮ ಎರಡನೆಯ ಪ್ರಶ್ನೆಗೆ, ಅಂದರೆ ನಿಮ್ಮ ತಾಯಿಯವರ ಮಾತಿಗೆ ಸಂಬಂಧಿಸಿದಂತೆ ಬರೆಯುತ್ತೇನೆ.

ತಂಗಿ, ನೀವು ಚಿಂತಾಮಣಿಯವರು. ನಿಮ್ಮ ತಾಯಿಯವರಿಗೆ ತೆಲುಗು ಬರುತ್ತದೆಯೇ ಎಂಬುದನ್ನು ನೀವು ಬರೆಯಲೇ ಇಲ್ಲ. ಚಿಂತಾಮಣಿ, ಬಾಗೇಪಲ್ಲಿ, ಚೇಳೂರು ಕಡೆ ಮನೆಯೊಳಗೂ ಸಂತೆಯಲ್ಲೂ ತೆಲುಗು ನಡೆಯುತ್ತದೆಂದು ಬಲ್ಲೆ. ಬರುವುದಾದರೆ ನಿಮ್ಮ ಅರ್ಧ ಚಿಂತೆ ಕಳೆದಂತೆಯೇ. 2011ರ ಜನಗಣತಿಯ ಪ್ರಕಾರ ಆ ದ್ವೀಪಗಳ ಜನಸಂಖ್ಯೆ ಸುಮಾರು 3 ಲಕ್ಷ 80 ಸಾವಿರ. ಬಂಗಾಳಿ ಮನೆಮಾತಿನವರು ಎಲ್ಲರಿಗಿಂತ ಹೆಚ್ಚು, ತಮಿಳರು ಸಾಕಷ್ಟು, ತೆಲುಗರು ನೂರಕ್ಕೆ 13ರಷ್ಟು ಇದ್ದಾರೆ. ಹೆಚ್ಚಿನವರ ಹಿರಿಯರು ಶ್ರೀಕಾಕುಳಂ, ವಿಶಾಖಪಟ್ಟಣದ ಕಡೆಯಿಂದ ಹಡಗಿನಲ್ಲಿ ಬಂದವರು. ಕನ್ನಡದವರು ಬೆರಳೆಣಿಕೆಯಷ್ಟು. ನಾನಿದ್ದ ನಾಲ್ಕು ವರ್ಷಗಳಲ್ಲಿ ನನಗೆ ಪರಿಚಯವಾದದ್ದು ಮೂರು ಕನ್ನಡ ಕುಟುಂಬಗಳು, ಮೂರೂ ವರ್ಗಾವಣೆಯ ನೌಕರಿಯವರು. ಒಬ್ಬರ ಸ್ನೇಹ ಬೆಳೆಯುವ ಹೊತ್ತಿಗೆ ಅವರ ಸಾಮಾನು ಗಂಟುಮೂಟೆ ಕಟ್ಟಿ ಆಗಿರುತ್ತಿತ್ತು. ಆದ್ದರಿಂದ ಕನ್ನಡದ ಮನೆಯನ್ನೇ ಹುಡುಕುತ್ತಾ ಕೂರಬೇಡಿ, ತೆಲುಗಿನ ಬೀದಿಯನ್ನು ಹುಡುಕಿ.

ನನಗೆ ತೆಲುಗು ಬರುತ್ತಿರಲಿಲ್ಲ. ಆದರೂ ಪ್ರೋಥ್ರಾಪುರದಲ್ಲಿ ನಮ್ಮ ಎದುರು ಮನೆಯ ಶ್ರೀಕಾಕುಳಂ ಅಜ್ಜಿ ಮೊದಲ ಯುಗಾದಿಯ ದಿನ ಬೆಳಿಗ್ಗೆ ಪಚ್ಚಡಿಯ ಬಟ್ಟಲು ಹಿಡಿದುಕೊಂಡು ಬಂದರು. ಅವರ ಹಬ್ಬವೂ ನಮ್ಮ ಹಬ್ಬವೂ ಒಂದೇ ದಿನವೆಂದು ನನಗೆ ಗೊತ್ತಿದ್ದರೂ, ಅಷ್ಟು ದೂರದ ಸಮುದ್ರದ ನಡುವೆ ಅದೇ ಬೆಳಿಗ್ಗೆ ಇನ್ನೊಂದು ಮನೆಯಲ್ಲೂ ಮಾವಿನ ತೋರಣ ಕಟ್ಟಿರುವುದನ್ನು ನೋಡಿ ಗಂಟಲು ತುಂಬಿ ಬಂತು. ನಾನು ಊರಿನಿಂದ ಒಣಗಿಸಿ ತಂದಿದ್ದ ಬೇವಿನ ಹೂವನ್ನು ಬೆಲ್ಲದ ಜೊತೆ ಕೊಟ್ಟೆ. ಅಜ್ಜಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು. ಆಮೇಲೆ ನಾಲ್ಕು ವರ್ಷವೂ ಅವರೇ ನನಗೆ ಅಮ್ಮನಂತೆ ಇದ್ದರು. ನಿಮ್ಮ ತಾಯಿಯವರ ತೆಲುಗಿಗೂ ಶ್ರೀಕಾಕುಳಂ ತೆಲುಗಿಗೂ ರಾಗದಲ್ಲಿ ಬಹಳ ವ್ಯತ್ಯಾಸವಿದೆ, ಮೊದಲ ವಾರ ಇಬ್ಬರೂ ಎರಡೆರಡು ಸಲ ಕೇಳಬೇಕಾದೀತು. ಅದೂ ಒಂದು ಮಾತೇ ಅಲ್ಲವೇ.

ಇನ್ನೊಂದು ಸಂಗತಿಯನ್ನು ನಾನು ಹೇಳಲೇಬೇಕು. ನಮ್ಮ ಕಡೆ ಬಾಡಿಗೆ ಮನೆ ಕೇಳಲು ಹೋದರೆ ಹೆಸರಿನ ಹಿಂದೆಯೇ ‘ನೀವು ಯಾವ ಜನ’ ಎಂಬ ಪ್ರಶ್ನೆ ಬರುತ್ತದೆ. ಗಂಡಸರಿಲ್ಲದ ಮನೆಯೆಂದರೆ ಇನ್ನೆರಡು ಪ್ರಶ್ನೆ ಹೆಚ್ಚು. ಅಲ್ಲಿ ನಾವು ನೋಡಿದ ಆರೇಳು ಮನೆಗಳಲ್ಲಿ ಯಾರೂ ಜಾತಿ ಕೇಳಲಿಲ್ಲ. ಯಾವ ಕೆಲಸ, ಎಷ್ಟು ಜನ, ಮೇನ್‌ಲ್ಯಾಂಡ್‌ನಲ್ಲಿ ಯಾವ ಊರು, ಇಷ್ಟೇ ಕೇಳಿದರು. ಎಲ್ಲರ ಹಿರಿಯರೂ ಎಲ್ಲಿಂದಲೋ ಬಂದವರೇ. ಕೈದಿಗಳಾಗಿ ಬಂದವರ ಮಕ್ಕಳು, ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳು, ಕಾಡಿನ ಕೆಲಸಕ್ಕೆ ಕರೆತಂದ ರಾಂಚಿ ಕಡೆಯವರು, ಹೀಗೆ. ಒಂದೇ ಮನೆಯಲ್ಲಿ ಅತ್ತೆ ತಮಿಳು, ಸೊಸೆ ಬಂಗಾಳಿ, ಮಕ್ಕಳು ಹಿಂದಿ ಮಾತಾಡುವುದನ್ನು ನಾನು ಕಂಡಿದ್ದೇನೆ. ಸಂಜೆ ಹೊತ್ತಿಗೆ ದೇವಸ್ಥಾನ ಬೇಕೆಂದರೆ ವೆಟ್ರಿಮಲೈ ಮುರುಗನ್ ಗುಡಿಯಿದೆ, ರಾಮಕೃಷ್ಣ ಮಿಷನ್ ಇದೆ. ದುರ್ಗಾಪೂಜೆಯ ದಿನಗಳಲ್ಲಂತೂ ಊರಿಗೆ ಊರೇ ಬೀದಿಯಲ್ಲಿರುತ್ತದೆ.

ನಾವು ಪಟ್ಟ ಪಾಡು ನೀವು ಪಡಬಾರದೆಂದು ಇದನ್ನೂ ಬರೆಯುತ್ತೇನೆ. ಮೊದಲ ಮನೆಯನ್ನು ನಾವು ತಿಪಟೂರಿನಲ್ಲೇ ಕುಳಿತು, ಒಬ್ಬ ದಲ್ಲಾಳಿ ಮೊಬೈಲಿಗೆ ಕಳುಹಿಸಿದ ಚಿತ್ರಗಳನ್ನು ನಂಬಿ ಗೊತ್ತುಮಾಡಿದೆವು. ಚಿತ್ರದಲ್ಲಿ ಕೋಣೆಗಳು ಬೆಳಕಾಗಿ ಕಾಣುತ್ತಿದ್ದವು, ಅದು ಸುಳ್ಳೂ ಆಗಿರಲಿಲ್ಲ. ಆದರೆ ಮನೆ ರಸ್ತೆಯಿಂದ ನಲವತ್ತಮೂರು ಮೆಟ್ಟಿಲು ಕೆಳಗೆ, ಗುಡ್ಡದ ಇಳಿಜಾರಿನಲ್ಲಿ ಇತ್ತು. ಮಳೆಗಾಲದಲ್ಲಿ ಆ ಮೆಟ್ಟಿಲಿನ ಮೇಲೆ ಪಾಚಿ ಹಸಿರು ಹಾಸಿದಂತೆ ಬೆಳೆಯಿತು. ಗ್ಯಾಸ್ ಸಿಲಿಂಡರ್ ತರುವ ಹುಡುಗ ಮೇಲೆಯೇ ಇಳಿಸಿ ಹೋಗುತ್ತಿದ್ದ. ನನ್ನ ಅತ್ತೆಯವರು ಬಂದಾಗ ಹದಿನೈದು ದಿನ ರಸ್ತೆಯ ಮುಖವನ್ನೇ ನೋಡಲಿಲ್ಲ. ಎರಡೇ ತಿಂಗಳಿಗೆ ಬಿಟ್ಟೆವು, ಅಡ್ವಾನ್ಸ್ ಹಣ ವಾಪಸು ಬರಲಿಲ್ಲ. ಪೋರ್ಟ್ ಬ್ಲೇರ್ ಗುಡ್ಡದ ಮೇಲಿನ ಊರು, ಏರು ಇಳಿತಗಳಿಲ್ಲದ ಬೀದಿ ಕಡಿಮೆ. ನಿಮ್ಮ ತಾಯಿಯವರಿಗೆ ಮಂಡಿ ನೋವಿದೆ ಎಂದಿದ್ದೀರಿ. ಅವರು ತಾವಾಗಿಯೇ ನಡೆದು ರಸ್ತೆಗೆ ಬಂದು ಬೀದಿಯ ಜನರನ್ನು ಕಾಣುವಂತಿರುವ ಮನೆ ಬೇಕು, ಇಲ್ಲವಾದರೆ ನೆರೆಹೊರೆ ಎಷ್ಟು ಒಳ್ಳೆಯದಿದ್ದರೂ ಅವರ ಪಾಲಿಗೆ ಇಲ್ಲದಂತೆಯೇ.

ಊಟದ ವಿಚಾರ ಸ್ವಲ್ಪ. ತೆಂಗಿನಕಾಯಿ, ಮೀನು, ಬಾಳೆ ಧಾರಾಳ. ತಿಪಟೂರಿನವಳಾದ ನನಗೆ ಕಾಯಿಯ ವಿಷಯದಲ್ಲಿ ತವರಿನಲ್ಲೇ ಇದ್ದಂತಿತ್ತು. ಆದರೆ ಈರುಳ್ಳಿ, ಆಲೂಗಡ್ಡೆ, ಬಹಳಷ್ಟು ತರಕಾರಿ ಹಡಗಿನಲ್ಲಿ ಬರುತ್ತವೆ, ಹಡಗು ತಡವಾದರೆ ಬೆಲೆ ಏರುತ್ತದೆ. ಚಿಂತಾಮಣಿ ಮಾರುಕಟ್ಟೆಯ ಟೊಮೆಟೊ ಕಂಡ ನಿಮಗೆ ಅಲ್ಲಿನ ಟೊಮೆಟೊ ಬೆಲೆ ಕೇಳಿ ಸಂಕಟವಾಗುತ್ತದೆ. ರಾಗಿ ನನಗೆ ಸುಲಭವಾಗಿ ಸಿಗಲಿಲ್ಲ. ಊರಿನಿಂದ ತರಿಸಿದ ಹಿಟ್ಟನ್ನು ಆ ತೇವದ ಹವೆಯಲ್ಲಿ ಮೂರು ವಾರ ಬಿಟ್ಟರೆ ಮುಗ್ಗಲು ಹಿಡಿಯುತ್ತದೆ, ಫ್ರಿಜ್ಜಿನಲ್ಲಿ ಇಡಬೇಕು. ಇನ್ನು ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ಐದಕ್ಕೇ ಸೂರ್ಯ ಮುಳುಗಿಬಿಡುತ್ತಾನೆ. ಗಡಿಯಾರ ನಮ್ಮದೇ, ಊರು ಮಾತ್ರ ಅಷ್ಟು ಪೂರ್ವಕ್ಕಿದೆ. ಆ ಉದ್ದನೆಯ ಸಂಜೆಗಳೇ ಮನಸ್ಸಿಗೆ ಭಾರ. ಆಗ ಎದುರು ಮನೆಯ ಜಗುಲಿಯಲ್ಲಿ ದೀಪವಿರಬೇಕು.

ಗೌರಿಬಿದನೂರು ಹುಡುಗ

ಅಕ್ಕ, ನಾನು ಸ್ವರಾಜ್ ದ್ವೀಪದಲ್ಲಿ ಪ್ರವಾಸಿಗರಿಗೆ ಸಮುದ್ರದೊಳಗೆ ಈಜು ಕಲಿಸುವ ಒಂದು ಸಂಸ್ಥೆಯ ಕಚೇರಿಯಲ್ಲಿ ಏಳು ತಿಂಗಳು ಕೆಲಸ ಮಾಡಿದ್ದೇನೆ. ನೀವು ನೋಡಿರುವ ಚಿತ್ರಗಳು ನಿಜ. ರಾಧಾನಗರ ಕಡಲತೀರದಂಥದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಅಲ್ಲಿ ಖಾಲಿ ಕೋಣೆಯಿದ್ದವರೆಲ್ಲ ಅದನ್ನು ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡುತ್ತಾರೆ. ತಿಂಗಳ ಬಾಡಿಗೆಗೆ ಸಿಗುವುದು ಹೆಚ್ಚಾಗಿ ಕೆಲಸಗಾರರ ಕೋಣೆಗಳು. ನಾನು ಮೂವರ ಜೊತೆ ಹಂಚಿಕೊಂಡು ಇದ್ದೆ. ಕಡಲು ಕೆಟ್ಟರೆ ಹಡಗು ನಿಲ್ಲುತ್ತದೆ. ಸರಕಾರಿ ಹಡಗಿನಲ್ಲಿ ಪೋರ್ಟ್ ಬ್ಲೇರ್‌ಗೆ ಎರಡೂವರೆ ಗಂಟೆ ಬೇಕು, ತಾಯಿಯವರನ್ನು ಇಟ್ಟುಕೊಂಡು ಅಲ್ಲಿರುವುದು ಸರಿಯಲ್ಲ. ಮೂರು ದಿನ ಹೋಗಿ ಕಣ್ತುಂಬ ನೋಡಿ ಬನ್ನಿ.

ಲಕ್ಷದ್ವೀಪಕ್ಕೆ ಹೊರಗಿನವರು ಕಾಲಿಡಬೇಕಾದರೆ ಪ್ರವೇಶ ಪರವಾನಗಿ ಬೇಕು. ಅದು ನಾವಾಗಿಯೇ ಹೋಗಿ ಮನೆ ಹಿಡಿದು ಇರುವ ಜಾಗವಲ್ಲ. ತಮ್ಮನಿಗೆ ಹೇಳಿ.

ನಿಮ್ಮ ಕೆಲಸಕ್ಕೆ ಬೇಕಾದ ಇಂಟರ್‌ನೆಟ್ ವಿಚಾರ: ಚೆನ್ನೈನಿಂದ ಸಮುದ್ರದ ತಳದಲ್ಲಿ ಸುಮಾರು 2,300 ಕಿಲೋಮೀಟರ್ ಕೇಬಲ್ ಎಳೆದು 2020ರ ಆಗಸ್ಟ್‌ನಲ್ಲಿ ಚಾಲನೆ ಕೊಟ್ಟರು. ಅದಕ್ಕೂ ಹಿಂದೆ ಉಪಗ್ರಹದ ಸಂಪರ್ಕವೊಂದೇ ಇತ್ತು, ಒಂದು ಮೇಲ್ ಹೋಗಲು ಪ್ರಾಣ ಹೋಗುತ್ತಿತ್ತೆಂದು ಅಲ್ಲಿನವರು ಹೇಳುತ್ತಾರೆ. ಈಗ ಪೋರ್ಟ್ ಬ್ಲೇರ್‌ನಲ್ಲಿ ಫೈಬರ್ ಸಂಪರ್ಕ ಇರುವ ಬೀದಿಯಲ್ಲಿ ನಿಮ್ಮ ಕೆಲಸ ನಡೆಯುತ್ತದೆ. ಆದರೆ ಕರೆಂಟು ಹೋಗುತ್ತದೆ, ಯುಪಿಎಸ್ ಇಟ್ಟುಕೊಳ್ಳಿ, ಬೇರೆ ಕಂಪನಿಯ ಸಿಮ್ ಒಂದು ಇರಲಿ.

ಯಾರೂ ಹೇಳದ ಒಂದು ಮಾತು: ತಗಡಿನ ಚಾವಣಿಯ ಮನೆ ಹಿಡಿಯಬೇಡಿ. ಅಂಥ ಮನೆಗಳು ಅಗ್ಗಕ್ಕೆ ಸಿಗುತ್ತವೆ. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ತಗಡಿನ ಸದ್ದಿಗೆ ಪಕ್ಕದಲ್ಲಿ ಕುಳಿತವರು ಕೂಗಿದರೂ ಕೇಳುವುದಿಲ್ಲ. ನಾನು ಬೆಂಗಳೂರಿನ ಕಚೇರಿಯ ಜೊತೆ ಫೋನಿನಲ್ಲಿ ಮಾತಾಡಬೇಕಾದಾಗ ಬಚ್ಚಲುಮನೆಗೆ ಹೋಗಿ, ತಲೆಯ ಮೇಲೆ ಹೊದಿಕೆ ಹೊದ್ದುಕೊಂಡು ಮಾತಾಡುತ್ತಿದ್ದೆ. ಆರ್‌ಸಿಸಿ ಚಾವಣಿಗೆ ಒಂದೆರಡು ಸಾವಿರ ಹೆಚ್ಚಾದರೂ ಕೊಡಿ.

ಚಿಂತಾಮಣಿಯ ಮಗಳು

ಮೂವರಿಗೂ ಕೈಮುಗಿಯುತ್ತೇನೆ. ತಿಪಟೂರಿನ ಅಕ್ಕ, ಅಮ್ಮನ ತವರು ಚೇಳೂರೇ. ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತಾರೆ, ಆದರೆ ಲೆಕ್ಕ ಹಾಕುವುದು, ನಿದ್ದೆಯಲ್ಲಿ ಕನವರಿಸುವುದು, ತಮ್ಮ ಅಕ್ಕನ ಜೊತೆ ಜಗಳವಾಡುವುದು ಎಲ್ಲವೂ ತೆಲುಗಿನಲ್ಲಿ. ಮನೆಯಲ್ಲಿ ಗಾಳಿಯಂತೆ ಇದ್ದ ಆ ಭಾಷೆ ಅಲ್ಲಿ ಉಪಯೋಗಕ್ಕೆ ಬರಬಹುದೆಂದು ನನಗೆ ಹೊಳೆಯಲೇ ಇಲ್ಲ. ನಿಮ್ಮ ಬರಹವನ್ನು ಅವರಿಗೆ ಓದಿ ಹೇಳಿದೆ. ಶ್ರೀಕಾಕುಳಂ ಅಜ್ಜಿ ಈಗಲೂ ಅಲ್ಲಿಯೇ ಇದ್ದಾರೆಯೇ ಎಂದು ಕೇಳಿದರು.

ಮೇಷ್ಟ್ರೇ, ಭೂಕಂಪ ಮತ್ತು ಸುನಾಮಿಯ ಭಯವನ್ನು ಬಂಧುಗಳು ಈಗಾಗಲೇ ಎತ್ತುತ್ತಿದ್ದಾರೆ. ಅಮ್ಮನ ಕಾಯಿಲೆಗೆ ಅಲ್ಲಿನ ಆಸ್ಪತ್ರೆ ಸಾಕಾಗುತ್ತದೆಯೇ?

ಮುಳಬಾಗಿಲು ಮೇಷ್ಟ್ರು

ಭಯವನ್ನು ತಳ್ಳಿಹಾಕಬೇಡಿ, ಅದನ್ನು ಮನೆಯ ಆಯ್ಕೆಗೆ ಬಳಸಿಕೊಳ್ಳಿ. ಇಡೀ ದ್ವೀಪಸಮೂಹ ಭೂಕಂಪದ ಅಪಾಯ ಬಹಳ ಹೆಚ್ಚಿರುವ ವಲಯದಲ್ಲಿದೆ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಪೋರ್ಟ್ ಬ್ಲೇರ್ ಸುತ್ತಲಿನ ನೆಲವೇ ಸುಮಾರು ಒಂದು ಮೀಟರಿನಷ್ಟು ಕುಸಿಯಿತು. ಸಿಪ್ಪಿಘಾಟ್ ಕಡೆ ಹೋದರೆ ಅಂದು ಗದ್ದೆಯಾಗಿದ್ದ ಭೂಮಿಯಲ್ಲಿ ಇಂದಿಗೂ ಉಪ್ಪುನೀರು ನಿಂತಿರುವುದನ್ನು ನೋಡಬಹುದು. ಅಲ್ಲಿ ನಿಂತು ನೋಡಿದ ಮೇಲೆ ನಾನು ಕಡಲ ಅಂಚಿನ ತಗ್ಗಿನ ಮನೆಯ ಆಸೆಯನ್ನು ಬಿಟ್ಟೆ. ಗುಡ್ಡದ ಮೇಲ್ಭಾಗದಲ್ಲಿ, ಒಂದೇ ಅಂತಸ್ತಿನ ಅಥವಾ ಎರಡಂತಸ್ತಿನ ಗಟ್ಟಿ ಮನೆ ಹಿಡಿಯಿರಿ. ಸಮುದ್ರಕ್ಕೆ ಸಂಜೆ ಬಸ್ಸಿನಲ್ಲಿ ಹೋಗಿ ಬನ್ನಿ, ಕಾರ್ಬಿನ್ಸ್ ಕೋವ್ ಊರಿಗೆ ಹತ್ತಿರವೇ ಇದೆ. ಮೊಸಳೆಯ ಎಚ್ಚರಿಕೆ ಫಲಕ ಕಂಡ ಕಡೆ ಮಾತ್ರ ನೀರಿಗೆ ಇಳಿಯಬೇಡಿ.

ಜಿ.ಬಿ. ಪಂತ್ ಆಸ್ಪತ್ರೆ ಸರಕಾರದ್ದು, ವೈದ್ಯಕೀಯ ಕಾಲೇಜಿನ ಜೊತೆ ಸೇರಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ನಿತ್ಯದ ತಪಾಸಣೆಗೆ ನಮಗೆ ಯಾವ ತೊಂದರೆಯೂ ಆಗಲಿಲ್ಲ. ಹೃದಯ, ನರದ ದೊಡ್ಡ ಚಿಕಿತ್ಸೆಗೆ ಚೆನ್ನೈಗೋ ಕೋಲ್ಕತ್ತಕ್ಕೋ ವಿಮಾನ ಹತ್ತಬೇಕು. ಆದ್ದರಿಂದ ಹೊರಡುವ ಮೊದಲು ಕೋಲಾರದಲ್ಲೋ ಬೆಂಗಳೂರಿನಲ್ಲೋ ತಾಯಿಯವರ ಹೃದಯದ ಪರೀಕ್ಷೆ ಪೂರ್ತಿಯಾಗಿ ಮಾಡಿಸಿ, ವೈದ್ಯರು ಬೇಡವೆಂದರೆ ನಿಲ್ಲಿಸಿಬಿಡಿ. ಮೂರು ತಿಂಗಳ ಮಾತ್ರೆ ಜೊತೆಯಲ್ಲಿರಲಿ. ಎರಡು ವಿಮಾನ ಟಿಕೆಟ್ಟಿನ ತುರ್ತು ಹಣವನ್ನು ತಿಂಗಳ ಖರ್ಚಿಗೆ ಸೇರಿಸದೆ ಬ್ಯಾಂಕಿನಲ್ಲಿ ಬೇರೆಯೇ ಇಡಿ.

ಮತ್ತು ದಯವಿಟ್ಟು ಇಲ್ಲಿಂದಲೇ ಮನೆ ಗೊತ್ತುಮಾಡಬೇಡಿ. ಹದಿನೈದು ದಿನ ಹೋಂಸ್ಟೇಯಲ್ಲಿ ಇದ್ದು ಕಾಲ್ನಡಿಗೆಯಲ್ಲಿ ಹುಡುಕಿ. ಹೋಗುವುದಾದರೆ ಮಾರ್ಚ್‌ನಲ್ಲೇ ಹೋಗಿ, ಊರು ತನ್ನ ಕೊರತೆಯನ್ನು ಮುಚ್ಚಿಡಲಾಗದ ತಿಂಗಳು ಅದು.

ಚಿಂತಾಮಣಿಯ ಮಗಳು

ಅಮ್ಮನ ಹೃದಯದ ಪರೀಕ್ಷೆ ಮುಗಿಯಿತು, ವೈದ್ಯರು ಹೋಗಿ ಬನ್ನಿ ಎಂದಿದ್ದಾರೆ. ಮಾರ್ಚ್‌ನಲ್ಲಿ ಹದಿನೈದು ದಿನಕ್ಕೆ ಇಬ್ಬರೂ ಹೋಗುತ್ತಿದ್ದೇವೆ. ಮನೆ ಸಿಗದಿದ್ದರೆ, ಅಥವಾ ಅಮ್ಮನಿಗೆ ಹಿಡಿಸದಿದ್ದರೆ ವಾಪಸು ಬರುವುದೆಂದು ಮೊದಲೇ ಮಾತಾಡಿಕೊಂಡಿದ್ದೇವೆ. ಇಲ್ಲಿನ ಮನೆಯನ್ನು ಖಾಲಿ ಮಾಡುತ್ತಿಲ್ಲ.

ಆ ಹದಿನೈದು ದಿನಗಳ ನಡುವೆಯೇ ಯುಗಾದಿ ಬರುವಂತೆ ಟಿಕೆಟ್ ತೆಗೆಸಲು ಹೇಳಿದವರು ಅಮ್ಮನೇ. ಹೋದ ವರ್ಷ ಒಣಗಿಸಿಟ್ಟ ಬೇವಿನ ಹೂವನ್ನು ನಿನ್ನೆ ಡಬ್ಬದಿಂದ ತೆಗೆದು ಮತ್ತೊಮ್ಮೆ ಬಿಸಿಲಿಗೆ ಹರಡಿದ್ದಾರೆ. ನಾನು ನೋಡುವ ಮನೆಗಳ ಪಟ್ಟಿಯಲ್ಲಿ ಸಂಪು, ಮೆಟ್ಟಿಲು, ಆರ್‌ಸಿಸಿ ಚಾವಣಿ, ಫೈಬರ್ ಎಂದು ಬರೆದುಕೊಂಡಿದ್ದೆ. ಅಮ್ಮ ಅದರ ಕೆಳಗೆ ತಮ್ಮ ಕೈಯಿಂದಲೇ ‘ಎದುರು ಮನೆಯವರು ಯಾರು’ ಎಂದು ಸೇರಿಸಿದ್ದಾರೆ.

ಅಕ್ಕ, ಒಂದು ಕಡೆಯ ಪ್ರಶ್ನೆ. ಹೋಂಸ್ಟೇಗಳಲ್ಲಿ ಅಡುಗೆ ಮಾಡಿಕೊಳ್ಳಲು ಬಿಡುತ್ತಾರೆಯೇ? ಅಮ್ಮನಿಗೆ ರಾತ್ರಿ ಮುದ್ದೆಯಿಲ್ಲದೆ ಆಗುವುದಿಲ್ಲ.

ತಿಪಟೂರಿನ ಗೃಹಿಣಿ

ಕೆಲವರು ಬಿಡುತ್ತಾರೆ, ಫೋನಿನಲ್ಲೇ ಕೇಳಿ ಒಪ್ಪಿಸಿಕೊಳ್ಳಿ. ಪ್ರೋಥ್ರಾಪುರದ ಕಡೆ ಸಂಸಾರಸ್ಥರ ಮನೆಯಲ್ಲಿ ನಡೆಸುವಂಥದ್ದನ್ನು ಹಿಡಿದರೆ ಅಡುಗೆಮನೆ ಹಂಚಿಕೊಳ್ಳಬಹುದು. ರಾಗಿ ಹಿಟ್ಟು ಎರಡು ಕೆಜಿ ಸಾಕು, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಮುದ್ದೆ ಕೋಲನ್ನು ಮರೆಯದೆ ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ. ಅಜ್ಜಿಯ ವಿಚಾರ ಕೇಳಿದ್ದರಲ್ಲ, ನಿನ್ನೆ ರಾತ್ರಿ ಅವರ ಸೊಸೆಗೆ ಫೋನ್ ಮಾಡಿದ್ದೆ. ಅಜ್ಜಿ ಚೆನ್ನಾಗಿದ್ದಾರೆ, ಕಿವಿ ಸ್ವಲ್ಪ ಮಂದವಾಗಿದೆಯಂತೆ. ನಿಮ್ಮ ತಾಯಿಯವರಿಗೆ ಜೋರಾಗಿ ಮಾತಾಡಲು ಹೇಳಿ. ವಿಳಾಸವನ್ನು ನಿಮಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ.